ಹೊಗೆ ಕಾರುವ ಕಾರು

ಕುರುಕ್ಷೇತ್ರದ ಹದಿನೇಳನೆಯ ದಿನ ಕರ್ಣನ ರಥದ ಚಕ್ರ ನೆಲದಲ್ಲಿ ಹೂತುಹೋಯಿತು. ಕುದುರೆಗಳಿದ್ದುವು, ಸಾರಥಿಯಿದ್ದ, ಬಿಲ್ಲುಬಾಣಗಳಿದ್ದುವು. ಚಕ್ರವೊಂದು ತಿರುಗದೆ ನಿಂತುದರಿಂದ ಆ ಮಹಾರಥಿಯ ಕತೆ ಮುಗಿಯಿತು. ತಿರುಗದ ಚಕ್ರದ ಈ ದುರಂತವನ್ನು ಅರಿಯದ ಕನ್ನಡಿಗನಿಲ್ಲ. ಆದರೆ ಇದಕ್ಕೆ ವಿರುದ್ಧವಾದ ಇನ್ನೊಂದು ನೋಟವಿದೆ. ಅಲ್ಲಿ ಚಕ್ರ ತಿರುಗುತ್ತದೆ, ಭೋರ್ಗರೆಯುತ್ತ ತಿರುಗುತ್ತದೆ, ಕಣ್ಣಿಗೆ ಕಾಣದಷ್ಟು ವೇಗದಲ್ಲಿ ತಿರುಗುತ್ತದೆ. ಆದರೂ ರಥ ನಿಂತಲ್ಲಿಯೇ ನಿಂತಿರುತ್ತದೆ. ಸುತ್ತ ನೆರೆದ ಜನ ಅದನ್ನು ಕಂಡು ಮರುಗುವುದಿಲ್ಲ, ಚಪ್ಪಾಳೆ ತಟ್ಟುತ್ತಾರೆ!

ಆಸ್ಟ್ರೇಲಿಯದ ರಾಜಧಾನಿ ಕ್ಯಾನ್ಬೆರಾ ನಗರದಲ್ಲಿ 1988ರಿಂದ ನಡೆದುಬಂದಿರುವ 'ಸಮ್ಮರ್‌ನ್ಯಾಟ್ಸ್' ಎಂಬ ಕಾರಿನ ಜಾತ್ರೆಯಲ್ಲಿ ಈ ನೋಟವನ್ನು ಕಾಣಬಹುದು. ಜನವರಿಯ ಆರಂಭದಲ್ಲಿ, ಆ ನಾಡಿನ ಕಡುಬೇಸಿಗೆಯಲ್ಲಿ, ಜಾತ್ರೆ ನೆರೆಯುತ್ತದೆ. ಗಟ್ಟಿ ಗೋಡೆ ಕಟ್ಟಿದ ಅಂಗಳದೊಳಕ್ಕೆ ಒಂದೊಂದೇ ಕಾರು ಬರುತ್ತದೆ. ಚಾಲಕ ಎಂಜಿನ್ನನ್ನು ಗರ್ಜಿಸುವಂತೆ ಮಾಡಿ ಚಕ್ರಗಳನ್ನು ನೆಲದ ಮೇಲೆ ಉಜ್ಜಿ ಉರಿಸುತ್ತಾನೆ. ಬೆಳ್ಳನೆಯ ಹೊಗೆ ಮೋಡದಂತೆ ಎದ್ದು ಕಾರನ್ನೇ ಮುಚ್ಚಿಬಿಡುತ್ತದೆ. ಬೆಂಕಿ ಆರಿಸುವವರು ಒಂದು ಬದಿಯಲ್ಲಿ ಸಿದ್ಧರಾಗಿ ನಿಂತಿರುತ್ತಾರೆ. ತೀರ್ಪುಗಾರರು ಹೊಗೆಯನ್ನೂ ಚಾಲಕನ ಹತೋಟಿಯನ್ನೂ ನೋಡಿ ಅಂಕ ಕೊಡುತ್ತಾರೆ. ಈ ಕಸರತ್ತಿಗೆ ಇಂಗ್ಲಿಷಿನಲ್ಲಿ 'ಬರ್ನ್‌ಔಟ್' ಎಂದು ಹೆಸರು.

ಅಲ್ಲಿಗೆ ಬರುವ ಕಾರುಗಳಲ್ಲಿ ಹೆಚ್ಚಿನವು ಎಂಟು ಸಿಲಿಂಡರುಗಳ ಭಾರಿ ಎಂಜಿನ್ನಿನವು. ಎಂಜಿನ್ನಿನ ಶಕ್ತಿ ಅವುಗಳ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಮುಂದಿನ ಚಕ್ರಗಳಿಗೆ ಶಕ್ತಿ ಪಡೆಯುವ ಪುಟ್ಟ ಸಂಸಾರಿ ಕಾರೊಂದು ಇಂಥ ಕೂಟದಲ್ಲಿ ಹೊಗೆಯೆಬ್ಬಿಸಲು ಹೊರಟರೆ ರಸಿಕರು ಮುಗುಳ್ನಗುವುದುಂಟು. ಪೈಲ್ವಾನರ ಅಖಾಡಕ್ಕೆ ಶಾಲೆಯ ಮೇಷ್ಟ್ರು ಇಳಿದಂತೆ ಅವರಿಗೆ ತೋರುತ್ತದೆ. ಆದರೆ ಇಂದು ಲೋಕದಲ್ಲಿ ಮಧ್ಯಮ ವರ್ಗದ ಮನೆಗಳ ಮುಂದೆ ನಿಂತಿರುವ ಸಣ್ಣ ಕಾರುಗಳಲ್ಲಿ ಬಹುಪಾಲು ಈ ಮೇಷ್ಟ್ರ ಜಾತಿಯವೇ. ಆದುದರಿಂದ ಮುಂಚಕ್ರದ ಕಾರು ಹೊಗೆ ಕಾರುವಾಗ ನಿಜವಾಗಿ ನಡೆಯುವುದೇನು ಎಂಬುದನ್ನು ತಿಳಿಯುವುದು ಕೇವಲ ಕುತೂಹಲದ ಮಾತಲ್ಲ. ಕಾರುಳ್ಳ ಪ್ರತಿಯೊಂದು ಸಂಸಾರಕ್ಕೂ ಸಂಬಂಧಿಸಿದ ವಿಚಾರ.

ಹಿಡಿತವೆಂಬ ಬಂಡವಾಳ

ಮನುಷ್ಯ ನಡೆಯುವುದು ಹೇಗೆ? ಕಾಲಿನಿಂದ ನೆಲವನ್ನು ಹಿಂದಕ್ಕೆ ಒತ್ತುತ್ತಾನೆ. ನೆಲ ಅವನನ್ನು ಮುಂದಕ್ಕೆ ತಳ್ಳುತ್ತದೆ. ಕಾಲಿಗೂ ನೆಲಕ್ಕೂ ನಡುವೆ ಹಿಡಿತವಿಲ್ಲದಿದ್ದರೆ ಈ ಕೊಡುಕೊಳೆ ನಡೆಯದು. ಪಾಚಿಗಟ್ಟಿದ ಬಚ್ಚಲಿನಲ್ಲಿ ಕಾಲಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಹಿಡಿತಕ್ಕೆ ವಿಜ್ಞಾನಿಗಳು ಘರ್ಷಣೆ ಎಂದು ಹೆಸರಿಟ್ಟಿದ್ದಾರೆ. ಒಂದು ವಸ್ತು ನೆಲವನ್ನು ಎಷ್ಟು ಭಾರವಾಗಿ ಒತ್ತುತ್ತದೆಯೋ ಅದಕ್ಕೆ ತಕ್ಕಷ್ಟು ಘರ್ಷಣೆ ದೊರೆಯುತ್ತದೆ ಎಂಬ ನಿಯಮವನ್ನು ಫ್ರಾನ್ಸಿನ ಗಿಯೋಮ್ ಅಮೊಂತೊಂ 1699ರಲ್ಲಿಯೇ ಸಾರಿದ. ಇನ್ನೊಂದು ಮಾತೂ ಅನುಭವಸಿದ್ಧವಾದುದು: ಜಾರದೆ ನಿಂತಿರುವ ವಸ್ತುವಿಗೆ ಇರುವ ಹಿಡಿತ, ಒಮ್ಮೆ ಜಾರಲು ತೊಡಗಿದ ಮೇಲೆ ಉಳಿಯುವುದಿಲ್ಲ. ಮರದ ಪೆಟ್ಟಿಗೆಯನ್ನು ಕದಲಿಸುವುದು ಕಷ್ಟ. ಕದಲಿದ ಮೇಲೆ ಎಳೆಯುವುದು ಸುಲಭ.

ಕಾರಿನ ವಿಷಯದಲ್ಲಿ ಈ ಹಿಡಿತವೆಲ್ಲ ಇರುವುದು ಎಲ್ಲಿ? ಟೈರು ನೆಲವನ್ನು ಮುಟ್ಟುವ ಜಾಗದಲ್ಲಿ. ಆ ಜಾಗ ಒಂದೊಂದು ಟೈರಿಗೆ ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಮಾತ್ರ! ಸಾವಿರ ಕಿಲೋಗ್ರಾಂ ತೂಗುವ ವಾಹನ, ಅದರೊಳಗೆ ಕುಳಿತ ತಂದೆ, ತಾಯಿ, ಮಕ್ಕಳು, ಇವರೆಲ್ಲರ ಕ್ಷೇಮ ನಾಲ್ಕು ಅಂಗೈಗಳಷ್ಟು ರಬ್ಬರಿನ ಮೇಲೆ ನಿಂತಿದೆ. ರಬ್ಬರಿನ ಸ್ವಭಾವವೂ ವಿಚಿತ್ರವಾದುದು. ಕಾರು ಮುಂದೆ ಹೋಗುವ ವೇಗಕ್ಕಿಂತ ಚಕ್ರ ತುಸುವೇ ಹೆಚ್ಚಾಗಿ, ನೂರಕ್ಕೆ ಹತ್ತು ಇಪ್ಪತ್ತರಷ್ಟು ಹೆಚ್ಚಾಗಿ ತಿರುಗಿದಾಗ ರಬ್ಬರು ನೆಲವನ್ನು ಅತ್ಯಂತ ಬಲವಾಗಿ ಕಚ್ಚುತ್ತದೆ. ಅದನ್ನು ಮೀರಿದರೆ ಹಿಡಿತ ಇಳಿಯುತ್ತ ಹೋಗುತ್ತದೆ. ಬರ್ನ್‌ಔಟ್ ಎಂದರೆ ಈ ಎಲ್ಲೆಯನ್ನು ಬುದ್ಧಿಪೂರ್ವಕವಾಗಿ ದಾಟುವುದು.

ದಾಟಿದ ಮೇಲೆ ಎಂಜಿನ್ನಿನ ಶಕ್ತಿ ಎಲ್ಲಿಗೆ ಹೋಗುತ್ತದೆ? ಕಾರನ್ನು ಒಯ್ಯಲು ದಾರಿಯಿಲ್ಲದೆ ಅದು ಕಾವಾಗಿ ಮಾರ್ಪಡುತ್ತದೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ, ಬೇಸಿಗೆಯಲ್ಲಿ ಕರಗಿ ಚಳಿಯಲ್ಲಿ ಒಡೆಯುತ್ತಿದ್ದ ಆ ಪದಾರ್ಥವನ್ನು ಗಟ್ಟಿಗೊಳಿಸಿದ. ಗಂಧಕ ಕಟ್ಟಿದ ಆ ಗಂಟುಗಳೇ ಟೈರಿಗೆ ಬಲ. ಮಿತಿಮೀರಿದ ಕಾವು ಅವನ್ನು ಬಿಚ್ಚುತ್ತದೆ. ರಬ್ಬರು ಜಿಡ್ಡಾಗುತ್ತದೆ, ಅದರೊಳಗಿನ ಎಣ್ಣೆಯ ಅಂಶ ಆವಿಯಾಗಿ, ಸಣ್ಣ ಕಣಗಳೊಡನೆ ಗಾಳಿಗೆ ಏರುತ್ತದೆ. ನೋಡುವವರಿಗೆ ಕಾಣುವ ಬಿಳಿಯ ಮೋಡ ಅದೇ. ಆದುದರಿಂದ ಹೊಗೆ ಎಂಜಿನ್ನಿನ ಬಲದ ಗುರುತೆನ್ನುವುದು ಅರ್ಧಸತ್ಯ. ಅದು ಹಿಡಿತ ತಪ್ಪಿದುದರ ಗುರುತು.

ಮುಂದಿನ ಚಕ್ರದ ವಂಶಾವಳಿ

ವಾಹನವನ್ನು ಮುಂದಿನಿಂದ ಎಳೆಯುವುದು ಹೊಸ ಉಪಾಯವೇನಲ್ಲ. ಎತ್ತಿನ ಗಾಡಿಯಷ್ಟೇ ಹಳೆಯದು. ಎತ್ತುಗಳು ಮುಂದಿರುತ್ತವೆ, ದಾರಿ ತಿರುವುವುದೂ ಅವೇ, ಎಳೆಯುವುದೂ ಅವೇ. ಯಂತ್ರದ ವಾಹನಗಳ ಆದಿಪುರುಷನೂ ಈ ಬಗೆಯದೇ ಎಂಬುದು ಸ್ವಾರಸ್ಯದ ಸಂಗತಿ. ಫ್ರಾನ್ಸಿನ ಸೈನ್ಯಾಧಿಕಾರಿ ನಿಕೋಲಾ ಜೋಸೆಫ್ ಕ್ಯೂನ್ಯೋ 1769ರಲ್ಲಿ ಫಿರಂಗಿ ಎಳೆಯಲೆಂದು ಮೂರು ಚಕ್ರದ ಉಗಿಬಂಡಿಯನ್ನು ಕಟ್ಟಿದ. ಉಗಿಯ ಬಲ ಸಿಕ್ಕುತ್ತಿದ್ದುದು ಅದರ ಮುಂದಿನ ಒಂಟಿ ಚಕ್ರಕ್ಕೆ. ದಾರಿ ತಿರುವುತ್ತಿದ್ದುದೂ ಅದೇ ಚಕ್ರ. ಭಾರವಾದ ಕುದಿಪಾತ್ರೆ ಮೂತಿಯ ಮೇಲೆ ನೇತಾಡುತ್ತಿದ್ದುದರಿಂದ ಬಂಡಿಯನ್ನು ತಿರುಗಿಸುವುದೇ ಸಾಹಸವಾಗಿತ್ತು. ಅದು ಒಮ್ಮೆ ಗೋಡೆಗೆ ಹಾಯ್ದುಹೋಯಿತೆಂಬ ಕತೆಯೂ ಪ್ರಚಾರದಲ್ಲಿದೆ. ಆತ ಅನಂತರ ಕಟ್ಟಿದ ದೊಡ್ಡ ಬಂಡಿಯನ್ನು ಪ್ಯಾರಿಸ್ಸಿನ ವಸ್ತುಸಂಗ್ರಹಾಲಯವೊಂದರಲ್ಲಿ ಇಂದಿಗೂ ನೋಡಬಹುದು.

ಎಳೆಯುವ ಚಕ್ರವೇ ತಿರುವಲೂ ಬೇಕು ಎಂಬುದೇ ಈ ವಂಶದ ಹುಟ್ಟುತೊಡಕು. ಚಕ್ರ ಎಡಕ್ಕೂ ಬಲಕ್ಕೂ ಹೊರಳುತ್ತಿರುವಾಗ ಅದಕ್ಕೆ ಎಂಜಿನ್ನಿನ ತಿರುಗುವ ಶಕ್ತಿಯನ್ನು ಒಂದೇ ಸಮನಾಗಿ ಮುಟ್ಟಿಸುವುದು ಹೇಗೆ? 1920ರ ದಶಕದಲ್ಲಿ ಆಲ್ಫ್ರೆಡ್ ಝೆಪ್ಪಾ ಎಂಬ ಎಂಜಿನಿಯರು ಉಕ್ಕಿನ ಗುಂಡುಗಳನ್ನು ಕೊರೆದ ಗಾಡಿಗಳಲ್ಲಿ ಕೂರಿಸಿ, ಹೇಗೆ ಬಾಗಿದರೂ ಸಮವೇಗದಲ್ಲಿ ತಿರುಗುವ ಕೀಲೊಂದನ್ನು ರೂಪಿಸಿದ. ಮುಂಚಕ್ರದ ಕಾರುಗಳ ಮೊಣಕಾಲಿನಂತಿರುವ ಆ ಕೀಲಿನ ವಂಶಜರೇ ಇಂದಿನ ಕಾರುಗಳಲ್ಲಿಯೂ ಇರುವುದು. 1934ರಲ್ಲಿ ಆಂದ್ರೆ ಸಿಟ್ರೊಯೆನ್ನನ ಕಾರ್ಖಾನೆ 'ತ್ರಾಕ್ಸಿಯೊಂ ಅವಾಂ' ಎಂಬ ಕಾರನ್ನು ಹೊರತಂದಿತು. 'ಮುಂದಿನಿಂದ ಎಳೆಯುವುದು' ಎಂಬುದೇ ಅದರ ಹೆಸರಿನ ಅರ್ಥ. ಕಾರು ಗೆದ್ದಿತು; ಕಾರ್ಖಾನೆ ಸಾಲದಲ್ಲಿ ಮುಳುಗಿತು. ಅದು ಟೈರು ತಯಾರಕರಾದ ಮಿಶಲಿನ್ ಸಂಸ್ಥೆಯವರ ವಶವಾಯಿತು. 1935ರಲ್ಲಿ ಸಿಟ್ರೊಯೆನ್ ತೀರಿಕೊಂಡ.

ಈ ಉಪಾಯವನ್ನು ಬಡವರ ಮನೆಬಾಗಿಲಿಗೆ ತಂದವನು ಅಲೆಕ್ ಇಸಿಗೋನಿಸ್. 1956ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಬರ ಬಂದಾಗ, ಪುಟ್ಟ ಕಾರೊಂದು ಬೇಕೆಂಬ ಬೇಡಿಕೆ ಹುಟ್ಟಿತು. ಇಸಿಗೋನಿಸ್ ಎಂಜಿನ್ನನ್ನು ಅಡ್ಡಲಾಗಿ ತಿರುಗಿಸಿ ಮೂತಿಯೊಳಗೆ ಅಡಗಿಸಿದ. ಹಿಂದಕ್ಕೆ ಶಕ್ತಿ ಒಯ್ಯುವ ಉದ್ದನೆಯ ದಂಡ ತಪ್ಪಿತು. ಹತ್ತು ಅಡಿ ಉದ್ದದ ಕಾರಿನಲ್ಲಿ ನಾಲ್ವರು ಕುಳಿತುಕೊಳ್ಳುವಷ್ಟು ಎಡೆ ಉಳಿಯಿತು. 1959ರ ಆಗಸ್ಟಿನಲ್ಲಿ 'ಮಿನಿ' ಜನ್ಮತಾಳಿದುದು ಹೀಗೆ. ಭಾರತದಲ್ಲಿ ಅಂಬಾಸಡರೂ ಪ್ರೀಮಿಯರ್ ಪದ್ಮಿನಿಯೂ ಹಿಂದಿನ ಚಕ್ರದ ಬಲದಿಂದಲೇ ಓಡಿದುವು. 1983ರ ಡಿಸೆಂಬರಿನಲ್ಲಿ ಬಂದ 796 ಘನ ಸೆಂಟಿಮೀಟರಿನ ಮಾರುತಿ 800 ಕಾರು ಮುಂಚಕ್ರದ ವಂಶವನ್ನು ಮನೆಮನೆಗೂ ಪರಿಚಯಿಸಿತು. 2014ರವರೆಗೆ ಅದು ತಯಾರಾಗುತ್ತಿತ್ತು. ಅದರಲ್ಲಿ ಕುಳಿತು ದೇವಸ್ಥಾನಕ್ಕೂ ಮದುವೆಗೂ ಹೋಗಿಬಂದ ಎಷ್ಟೋ ಸಂಸಾರಗಳಿಗೆ ತಮ್ಮನ್ನು ಎಳೆಯುತ್ತಿರುವ ಚಕ್ರ ಮುಂದಿನದೋ ಹಿಂದಿನದೋ ಎಂಬ ಯೋಚನೆಯೇ ಬಂದಿರಲಾರದು.

ಮೂರು ಕೆಲಸ, ಎರಡು ಚಕ್ರ

ಕಾರಿನಲ್ಲಿ ಟೈರುಗಳು ಮಾಡಬೇಕಾದ ಕೆಲಸ ಮೂರು: ಓಡಿಸುವುದು, ನಿಲ್ಲಿಸುವುದು, ತಿರುಗಿಸುವುದು. ಹಿಂಚಕ್ರದ ಕಾರಿನಲ್ಲಿ ಓಡಿಸುವ ಹೊಣೆ ಹಿಂದಿನವಕ್ಕೆ, ತಿರುಗಿಸುವ ಹೊಣೆ ಮುಂದಿನವಕ್ಕೆ. ಮುಂಚಕ್ರದ ಕಾರಿನಲ್ಲಾದರೋ ಓಡಿಸುವುದೂ ತಿರುಗಿಸುವುದೂ ಮುಂದಿನ ಎರಡು ಟೈರುಗಳೇ. ಬ್ರೇಕು ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬಾಗುವುದರಿಂದ ನಿಲ್ಲಿಸುವ ಕೆಲಸದಲ್ಲಿಯೂ ಸಿಂಹಪಾಲು ಅವುಗಳದೇ. ಮನೆಯ ಹಿರಿಯ ಸೊಸೆಯಂತೆ ಅವು ಎಲ್ಲವನ್ನೂ ಹೊತ್ತು ದುಡಿಯುತ್ತವೆ. ಅವುಗಳ ಕೈಯಲ್ಲಿರುವ ಹಿಡಿತದ ಬಂಡವಾಳ ಮಾತ್ರ ಒಂದೇ. ಎಲ್ಲವನ್ನೂ ಓಟಕ್ಕೆ ಖರ್ಚು ಮಾಡಿದರೆ ತಿರುವಿಗೆ ಉಳಿಯುವುದಿಲ್ಲ.

ದಿನನಿತ್ಯದ ಸಂಚಾರಕ್ಕೆ ಈ ಏರ್ಪಾಡು ಒಳ್ಳೆಯದೇ. ಎಂಜಿನ್ನು ಮುಂದಿನ ಚಕ್ರಗಳ ಮೇಲೆಯೇ ಕುಳಿತಿರುವುದರಿಂದ ಕಾರಿನ ತೂಕದಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲು ಮುಂದೆಯೇ ಬೀಳುತ್ತದೆ. ಮಳೆಗಾಲದಲ್ಲಿ, ಕೆಸರಿನಲ್ಲಿ ಆ ತೂಕ ಚಕ್ರಕ್ಕೆ ಕಚ್ಚುವ ಬಲ ಕೊಡುತ್ತದೆ. ಆದರೆ ಚಾಲಕ ಒಮ್ಮೆಲೇ ಆತುರಪಟ್ಟು ಹೊರಟರೆ ಲೆಕ್ಕ ತಲೆಕೆಳಗಾಗುತ್ತದೆ. ಬಸ್ಸು ಹಠಾತ್ತನೆ ಹೊರಟಾಗ ನಿಂತ ಪ್ರಯಾಣಿಕರೆಲ್ಲ ಹಿಂದಕ್ಕೆ ವಾಲುವುದನ್ನು ಯಾರು ನೋಡಿಲ್ಲ? ಕಾರಿನ ಭಾರವೂ ಹಾಗೆಯೇ ಹಿಂದಕ್ಕೆ ಸರಿಯುತ್ತದೆ. ಹಿಂಚಕ್ರದ ಕಾರಿಗೆ ಇದು ವರ. ದುಡಿಯುವ ಚಕ್ರಕ್ಕೆ ಒತ್ತಡ ಕೂಡಿಬರುತ್ತದೆ. ಮುಂಚಕ್ರದ ಕಾರಿಗೆ ಇದು ಶಾಪ. ಬೇಕಾದ ಹೊತ್ತಿನಲ್ಲಿಯೇ ಭಾರ ಕೈಬಿಟ್ಟುಹೋಗುತ್ತದೆ. ಕರ್ಣನ ವಿದ್ಯೆಯಂತೆ!

ಹೀಗಿದ್ದೂ ನಿಂತಲ್ಲಿಯೇ ಹೊಗೆಯೆಬ್ಬಿಸುವ ಕಸರತ್ತು ಮುಂಚಕ್ರದ ಕಾರಿನಲ್ಲಿ ಮೇಲುನೋಟಕ್ಕೆ ತೀರ ಸುಲಭ. ಕಾರಣವಿಷ್ಟೇ: ಸಾಮಾನ್ಯವಾಗಿ ಹ್ಯಾಂಡ್ ಬ್ರೇಕು ಹಿಡಿಯುವುದು ಹಿಂದಿನ ಚಕ್ರಗಳನ್ನು, ಎಂಜಿನ್ನು ತಿರುಗಿಸುವುದು ಮುಂದಿನವನ್ನು. ಹ್ಯಾಂಡ್ ಬ್ರೇಕನ್ನು ಬಿಗಿದು, ಮೊದಲನೆಯ ಗೇರಿನಲ್ಲಿ ಎಂಜಿನ್ನನ್ನು ಕೆರಳಿಸಿ, ಕ್ಲಚ್ಚನ್ನು ತಟ್ಟನೆ ಬಿಟ್ಟರೆ ಹಿಂದಿನ ಚಕ್ರಗಳು ಗೂಟಕ್ಕೆ ಕಟ್ಟಿದಂತೆ ನಿಲ್ಲುತ್ತವೆ, ಮುಂದಿನವು ನಿಂತಲ್ಲಿಯೇ ಗಿರಕಿ ಹೊಡೆಯುತ್ತವೆ. ಹಿಂಚಕ್ರದ ಕಾರಿನಲ್ಲಿ ಹೀಗೆ ಮಾಡಲಾಗದು. ಅಲ್ಲಿ ಹ್ಯಾಂಡ್ ಬ್ರೇಕು ಹಿಡಿಯುವುದೂ ಎಂಜಿನ್ನು ತಿರುಗಿಸುವುದೂ ಒಂದೇ ಚಕ್ರಗಳನ್ನು. ಆದುದರಿಂದ ಆ ಕಾರಿನವರು ಮುಂದಿನ ಬ್ರೇಕುಗಳನ್ನು ಮಾತ್ರ ಕಚ್ಚಿಸುವ ಬೇರೊಂದು ಉಪಕರಣವನ್ನು ಜೋಡಿಸಿಕೊಳ್ಳುವುದುಂಟು. ಪುಟ್ಟ ಕಾರಿನ ಚಾಲಕನಿಗೆ ಆ ತಾಪತ್ರಯವಿಲ್ಲ. 'ಇಷ್ಟೇ ತಾನೆ!' ಎಂದು ಹುಡುಗರು ಉಬ್ಬಿಹೋಗುವುದು ಇಲ್ಲಿಯೇ.

ಅಪಾಯವಿರುವುದೂ ಇಲ್ಲಿಯೇ. ತೂಕದ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕು. ಕಾರನ್ನು ಎಳೆಯುತ್ತಿರುವ ಮುಂದಿನ ಟೈರುಗಳ ಮೇಲೆ ಅರವತ್ತು ಪಾಲು ಭಾರ. ತಡೆಹಿಡಿದಿರುವ ಹಿಂದಿನವುಗಳ ಮೇಲೆ ನಲವತ್ತೇ ಪಾಲು. ಮುಂದಿನ ಟೈರು ಜಾರುತ್ತಿದ್ದರೂ ಅದರ ಎಳೆತ ಪೂರ್ತಿ ಸತ್ತಿರುವುದಿಲ್ಲ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಆ ಎಳೆತವೇ ಗೆದ್ದು, ಬಿಗಿದ ಹಿಂಚಕ್ರಗಳನ್ನು ನೆಲದ ಮೇಲೆ ದರದರನೆ ಎಳೆದುಕೊಂಡು ಕಾರು ಮುಂದಕ್ಕೆ ಸರಿಯಬಹುದು. ಮುಂದಿನ ಚಕ್ರಗಳ ಕೆಳಗೆ ನೀರು ಚೆಲ್ಲುವ ರೂಢಿ ಇದಕ್ಕಾಗಿಯೇ; ನೀರು ಅವುಗಳ ಎಳೆತವನ್ನು ತಗ್ಗಿಸುತ್ತದೆ. ಆದರೆ ನೀರು ಆರಿತೆಂದರೆ, ಹ್ಯಾಂಡ್ ಬ್ರೇಕು ತುಸು ಸಡಿಲಿತೆಂದರೆ, ಕಾರು ಎತ್ತ ಹಾಯುವುದೋ ಹೇಳಲಾಗದು. ಆಗ ಸ್ಟೀರಿಂಗ್ ಚಕ್ರವನ್ನು ತಿರುವಿದರೇನಾಯಿತು? ನೆಲದ ಮೇಲೆ ಗಿರಕಿ ಹೊಡೆಯುತ್ತಿರುವ ಟೈರಿಗೆ ಪಕ್ಕದ ಹಿಡಿತವೂ ಇರುವುದಿಲ್ಲ. ಹಿಂಚಕ್ರದ ಕಾರು ಹೊಗೆ ಕಾರುವಾಗಲೂ ಅದರ ಮುಂದಿನ ಚಕ್ರಗಳು ಚಾಲಕನ ಮಾತನ್ನು ಅಷ್ಟಿಷ್ಟು ಕೇಳುತ್ತವೆ. ಮುಂಚಕ್ರದ ಕಾರಿನಲ್ಲಿ ಹೊಗೆಯೆದ್ದ ಕ್ಷಣವೇ ಲಗಾಮು ಕೈತಪ್ಪುತ್ತದೆ. ಕೈಯಲ್ಲಿ ಉಳಿಯುವುದು ಸ್ಟೀರಿಂಗಿನ ಆಕಾರ ಮಾತ್ರ.

ಗರಡಿಯ ಮಣ್ಣು

ಹಾಗಾದರೆ ಈ ಕಸರತ್ತು ಬರಿಯ ಹುಚ್ಚಾಟವೇ? ಅಲ್ಲ. ಅದಕ್ಕೊಂದು ತವರುಮನೆಯಿದೆ, ಅಲ್ಲಿ ಅದಕ್ಕೊಂದು ಅರ್ಥವೂ ಇದೆ. ಅಮೆರಿಕದಲ್ಲಿ 'ಡ್ರಾಗ್ ರೇಸ್' ಎಂಬ ಪಂದ್ಯ ಪ್ರಸಿದ್ಧ. ಕಾಲು ಮೈಲಿಯ, ಎಂದರೆ ಸುಮಾರು 402 ಮೀಟರುಗಳ ನೇರ ಹಾದಿಯಲ್ಲಿ ಎರಡು ಕಾರುಗಳು ನಿಂತಲ್ಲಿಂದ ಹೊರಟು ಮೇಲಾಟ ನಡೆಸುತ್ತವೆ. ಬೀದಿಯಲ್ಲಿ ನಡೆಯುತ್ತಿದ್ದ ಇಂಥ ಓಟಗಳನ್ನು ಮೈದಾನಕ್ಕೆ ತಂದು ಕಟ್ಟುಪಾಡಿಗೆ ಒಳಪಡಿಸಬೇಕೆಂದು ವಾಲಿ ಪಾರ್ಕ್ಸ್ 1951ರಲ್ಲಿ 'ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್' ಎಂಬ ಸಂಸ್ಥೆಯನ್ನು ಕಟ್ಟಿದ. ಪಂದ್ಯಕ್ಕೆ ಮುಂಚೆ ಸ್ಪರ್ಧಿ ತನ್ನ ಎಳೆಯುವ ಚಕ್ರಗಳನ್ನು ನೀರು ಚೆಲ್ಲಿದ ಜಾಗದಲ್ಲಿ ಒದ್ದೆ ಮಾಡಿ ಕೆಲವು ಕ್ಷಣ ಗಿರಗಿರನೆ ತಿರುಗಿಸುತ್ತಾನೆ. ಟೈರಿಗೆ ಅಂಟಿದ ಕಸಕಡ್ಡಿ ಉದುರುತ್ತದೆ, ರಬ್ಬರು ಹದವಾಗಿ ಕಾದು ಅಂಟಂಟಾಗುತ್ತದೆ. ಆಮೇಲೆ ಹೊರಟಾಗ ಅದು ನೆಲವನ್ನು ಬಲವಾಗಿ ಕಚ್ಚುತ್ತದೆ.

ಕುಸ್ತಿಗೆ ಇಳಿಯುವ ಮುನ್ನ ಪೈಲ್ವಾನ ಗರಡಿಯ ಮಣ್ಣನ್ನು ಅಂಗೈಗೆ ಉಜ್ಜಿಕೊಳ್ಳುವುದಿಲ್ಲವೆ? ಇದೂ ಹಾಗೆಯೇ. ಹಿಡಿತವನ್ನು ಒಂದು ಗಳಿಗೆ ಕಳೆದುಕೊಳ್ಳುವುದು ಹೆಚ್ಚಿನ ಹಿಡಿತವನ್ನು ಗಳಿಸುವುದಕ್ಕಾಗಿ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯದ ಯುವಕರು ಹೊಂಡಾ ಸಿವಿಕ್ ಮುಂತಾದ ಮುಂಚಕ್ರದ ಪುಟ್ಟ ಕಾರುಗಳನ್ನು ಈ ಪಂದ್ಯಕ್ಕೆ ಇಳಿಸಿದರು. ಹೊರಡುವಾಗ ಭಾರ ಹಿಂದಕ್ಕೆ ವಾಲುವ ಶಾಪಕ್ಕೆ ಅವರ ವಲಯದವರು ಒಂದು ಪರಿಹಾರವನ್ನೂ ಕಂಡುಕೊಂಡರು: ಕಾರಿನ ಬೆನ್ನಿಗೆ ಉದ್ದನೆಯ ಸಲಾಕಿಗಳನ್ನು ಕಟ್ಟಿ, ಅವುಗಳ ತುದಿಗೆ ಸಣ್ಣ ಗಾಲಿಗಳನ್ನಿಟ್ಟು, ಹಿಂಭಾಗ ಕುಸಿಯದಂತೆ ಊರೆಗೋಲು ಕೊಟ್ಟರು. ಮೇಷ್ಟ್ರೂ ಅಖಾಡದಲ್ಲಿ ಪಟ್ಟು ಕಲಿತರು! ಅಲ್ಲಿ ತಡೆಗೋಡೆಯಿದೆ, ತಪಾಸಣೆಯಿದೆ, ಚಾಲಕನಿಗೆ ಶಿರಸ್ತ್ರಾಣವಿದೆ, ನೋಡುವವರಿಗೆ ಬೇರೆಯೇ ಜಾಗವಿದೆ. ಈ ಎಲ್ಲವನ್ನೂ ತೆಗೆದುಹಾಕಿ ಹೊಗೆಯನ್ನಷ್ಟೇ ಬೀದಿಗೆ ತಂದರೆ ಉಳಿಯುವುದು, ಕುಸ್ತಿಯಿಲ್ಲದೆ ಮೈಗೆ ಮಣ್ಣು ಬಳಿದುಕೊಂಡ ವೇಷ.

ಟೈರು ನುಡಿಯುವ ಸಾಕ್ಷಿ

ಈ ವೇಷಕ್ಕೆ ಕಾರು ತೆರುವ ದಂಡವೂ ಕಡಮೆಯದಲ್ಲ. ಎಡಬಲದ ಚಕ್ರಗಳು ತಿರುವಿನಲ್ಲಿ ಬೇರೆಬೇರೆ ವೇಗದಲ್ಲಿ ಹೋಗುವಂತೆ ಮಾಡುವ 'ಡಿಫರೆನ್ಷಿಯಲ್' ಎಂಬ ಹಲ್ಲುಚಕ್ರಗಳ ಜೋಡಣೆ ಕಾರಿನೊಳಗಿದೆ. ಎರಡು ಟೈರುಗಳಲ್ಲಿ ಯಾವುದು ಮೊದಲು ಜಾರುತ್ತದೆಯೋ ಆ ಕಡೆಗೇ ಅದು ತಿರುಗಾಟವನ್ನೆಲ್ಲ ಬಿಟ್ಟುಕೊಡುತ್ತದೆ. ಸಾಧಾರಣ ಕಾರು ನೆಲದ ಮೇಲೆ ಅನೇಕ ವೇಳೆ ಎರಡು ಕರಿಗೆರೆಗಳ ಬದಲು ಒಂದನ್ನೇ ಬಿಡುವುದು ಇದರಿಂದ. ಒಂದು ಚಕ್ರ ನಿಂತು ಇನ್ನೊಂದು ತಿರುಗಿದರೆ, ತಿರುಗುವುದು ಇಮ್ಮಡಿ ವೇಗದಲ್ಲಿ. ಅಷ್ಟು ವೇಗಕ್ಕೆಂದು ಮಾಡದ ಸಣ್ಣ ಹಲ್ಲುಚಕ್ರಗಳು ಒಳಗೆ ತೇಯುತ್ತವೆ. ಜಾರುತ್ತಿದ್ದ ಟೈರು ತಟ್ಟನೆ ನೆಲ ಕಚ್ಚಿದರೆ ಆ ಏಟು ಮೊಣಕಾಲಿನ ಕೀಲಿಗೆ ಬೀಳುತ್ತದೆ. ಕ್ಲಚ್ಚು ಸುಡುತ್ತದೆ. ಕಾರು ನಿಂತಿರುವುದರಿಂದ ಎದುರುಗಾಳಿಯಿಲ್ಲದೆ ಎಂಜಿನ್ನು ಕುದಿಯುತ್ತದೆ. ಹೊಸ ಟೈರಿನ ಮೇಲಿರುವ ಅಚ್ಚುಗಾಲುವೆಗಳ ಆಳ ಸುಮಾರು 8 ಮಿಲಿಮೀಟರು, ಅದು 1.6ಕ್ಕೆ ಇಳಿದರೆ ಭಾರತದಲ್ಲಿಯೂ ಯೂರೋಪಿನಲ್ಲಿಯೂ ಅಂಥ ಟೈರನ್ನು ಕಾರಿನಲ್ಲಿ ಬಳಸುವಂತಿಲ್ಲ. ವರ್ಷಗಟ್ಟಲೆ ಸವೆಯಬೇಕಾದುದು ನಿಮಿಷಗಳಲ್ಲಿ ಸವೆಯುತ್ತದೆ.

ಮೆಲ್ಬರ್ನ್ ನಗರದ ಹೊರವಲಯದ ಮನೆಯೊಂದನ್ನು ವಾಚಕರು ಕಲ್ಪಿಸಿಕೊಳ್ಳಲಿ. ಮನೆಗೆ ಒಂದೇ ಕಾರು, ಮುಂಚಕ್ರದ್ದು. ಬೆಳಗ್ಗೆ ತಾಯಿ ಅದರಲ್ಲಿ ಕೆಲಸಕ್ಕೆ ಹೋಗುತ್ತಾಳೆ. ರಾತ್ರಿ ಮಗ ಗೆಳೆಯರನ್ನು ನೋಡಿ ಬರುವೆನೆಂದು ಒಯ್ಯುತ್ತಾನೆ. ಒಂದು ಶನಿವಾರ ಕಾರಿನ ಹಿಂಬದಿಯಿಂದ 'ಟಪ್ ಟಪ್' ಎಂದು ಸದ್ದು ಬರುವುದನ್ನು ಕೇಳಿ ತಂದೆ ಅದನ್ನು ಟೈರಿನ ಅಂಗಡಿಗೆ ಒಯ್ಯುತ್ತಾನೆ. ಅಂಗಡಿಯವನು ಬಗ್ಗಿ ನೋಡುತ್ತಾನೆ. ಮುಂದಿನ ಟೈರುಗಳು ಸುತ್ತಲೂ ನುಣ್ಣಗಾಗಿವೆ. ಹಿಂದಿನವುಗಳಲ್ಲಿ ಒಂದೊಂದು ಕಡೆ ಮಾತ್ರ ಚಪ್ಪಟೆಯಾದ ಬೋಳುಗುರುತು. ಅವನಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. 'ಈ ಗಾಡಿಯನ್ನು ಮನೆಯಲ್ಲಿ ಇನ್ನಾರು ಓಡಿಸುತ್ತಾರೆ?' ಎಂದಷ್ಟೇ ಕೇಳುತ್ತಾನೆ.

ಸಂಜೆ ತಂದೆ ಮಗನನ್ನು ಕರೆದು ಕೂರಿಸಿಕೊಳ್ಳುತ್ತಾನೆ.

'ಟೈರಿನ ಹಣ ನಾನು ಕೇಳುತ್ತಿಲ್ಲ. ಕಾರು ಎಷ್ಟು ದೂರ ಎಳೆದುಕೊಂಡು ಹೋಯಿತು?'

'ನಾಲ್ಕೈದು ಅಡಿ, ಅಪ್ಪ. ಯಾರಿಗೂ ಏನೂ ಆಗಲಿಲ್ಲ.'

'ಆಗ ಸ್ಟೀರಿಂಗ್ ನಿನ್ನ ಮಾತು ಕೇಳಿತೆ?'

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇಲ್ಲ' ಎನ್ನುತ್ತಾನೆ.

'ಎದುರಿಗೆ ಯಾರು ನಿಂತಿದ್ದರು?'

'ಗೆಳೆಯರು. ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದರು.'

ಮುಂದೆ ಮಾತು ಬೇಕಾಗುವುದಿಲ್ಲ. ಆ ವಾರ ಎರಡು ದಿನ ಮಳೆ ಸುರಿದಿತ್ತೆಂಬುದೂ, ನುಣುಪಾದ ಆ ಟೈರುಗಳ ಮೇಲೆಯೇ ತಾಯಿ ಕೆಲಸಕ್ಕೆ ಹೋಗಿಬಂದಳೆಂಬುದೂ ಮಗನಿಗೆ ತಾನಾಗಿಯೇ ನೆನಪಾಗುತ್ತದೆ.

ಈ ಮನೆ ಕಲ್ಪನೆಯದು. ಆದರೆ ಅದರ ಬಾಗಿಲಲ್ಲಿ ನಿಂತಿರುವ ಕಾನೂನು ಕಲ್ಪನೆಯದಲ್ಲ. ಮೆಲ್ಬರ್ನ್ ಸೇರಿದ ವಿಕ್ಟೋರಿಯ ರಾಜ್ಯದಲ್ಲಿ 2006ರಿಂದ ಇಂಥ ಆಟಕ್ಕೆ ಬಳಸಿದ ವಾಹನವನ್ನು ವಶಪಡಿಸಿಕೊಳ್ಳುವ ಅಧಿಕಾರ ಪೊಲೀಸರಿಗೆ ದೊರೆಯಿತು. ಮೊದಲು 48 ಗಂಟೆಗಳಷ್ಟಿದ್ದ ಅವಧಿಯನ್ನು ಅನಂತರ 30 ದಿನಗಳಿಗೆ ಏರಿಸಿದರು. ಕಾರು ಯಾರ ಹೆಸರಿನಲ್ಲಿದೆ ಎಂಬುದು ಅಲ್ಲಿ ಮೊದಲನೆಯ ಪ್ರಶ್ನೆಯಲ್ಲ. ಮಗನ ಆಟಕ್ಕೆ ತಾಯಿ ತಿಂಗಳುಗಟ್ಟಲೆ ಬಸ್ಸಿಗೆ ಕಾಯಬೇಕಾದೀತು. ಆ ಕಾನೂನು ಈ ಅಪರಾಧವನ್ನು 'ಚಕ್ರದ ಹಿಡಿತ ತಪ್ಪಿಸುವುದು' ಎಂದು ಹೇಳುತ್ತದೆ. ಭೌತಶಾಸ್ತ್ರದ ಮಾತೂ ನ್ಯಾಯಶಾಸ್ತ್ರದ ಮಾತೂ ಇಷ್ಟು ಸಮನಾಗಿ ಕೂಡಿಬರುವುದು ಅಪರೂಪ.

ಭಾರತದಲ್ಲಿ ಬರ್ನ್‌ಔಟ್ ಎಂಬ ಹೆಸರಿನ ಅಪರಾಧವಿಲ್ಲ. ಆದರೆ 1988ರ ಮೋಟಾರು ವಾಹನಗಳ ಕಾಯಿದೆಯಲ್ಲಿ ಅಪಾಯಕರ ಚಾಲನೆಗೆ ಶಿಕ್ಷೆಯಿದೆ. 2019ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ಹದಿನೆಂಟು ತುಂಬದ ಹುಡುಗ ವಾಹನ ನಡೆಸಿ ಅಪರಾಧ ಮಾಡಿದರೆ ಪೋಷಕನನ್ನು ಅಥವಾ ವಾಹನದ ಒಡೆಯನನ್ನೇ ತಪ್ಪಿತಸ್ಥನೆಂದು ಭಾವಿಸಿ ಮೂರು ವರ್ಷಗಳವರೆಗೆ ಸೆರೆವಾಸವನ್ನೂ 25,000 ರೂಪಾಯಿ ದಂಡವನ್ನೂ ವಿಧಿಸಬಹುದು, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ, ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸು ದೊರೆಯದು. ಗೂಡಿನಲ್ಲಿ ನೇತುಹಾಕಿದ ಕಾರಿನ ಬೀಗದಕೈಗೆ ಎಷ್ಟು ತೂಕವಿದೆಯೆಂಬುದನ್ನು ಇದರಿಂದ ಅರಿಯಬಹುದು.

ಹೊಸ ಕಾರುಗಳಲ್ಲಿ ಚಕ್ರ ಜಾರಿದೊಡನೆ ಅದನ್ನು ಕಂಡುಹಿಡಿದು, ಎಂಜಿನ್ನನ್ನು ತಗ್ಗಿಸಿ ಬ್ರೇಕನ್ನು ತಾನೇ ಒತ್ತುವ ಯಂತ್ರಬುದ್ಧಿಯನ್ನು ಎಂಜಿನಿಯರುಗಳು ಅಳವಡಿಸಿದ್ದಾರೆ. ಅಮೆರಿಕದಲ್ಲಿ 2012ರ ಮಾದರಿಗಳಿಂದ ಎಲ್ಲ ಹೊಸ ಕಾರುಗಳಿಗೂ ಇಂಥ ಸಮತೋಲ ರಕ್ಷಕ ಕಡ್ಡಾಯವಾಯಿತು. ಟೈರು ಅಂಗೈಯಷ್ಟು ನೆಲವನ್ನು ಬಿಡದಂತೆ ನೋಡಿಕೊಳ್ಳಲು ಎಷ್ಟೋ ಜನರ ಆಯುಷ್ಯ ವೆಚ್ಚವಾಗಿದೆ. ಅನೇಕ ಕಾರುಗಳಲ್ಲಿ ಅದನ್ನು ಆರಿಸುವ ಗುಂಡಿಯೂ ಇದೆ. ಹೊಗೆಯ ಹುಚ್ಚು ಹಿಡಿದವನ ಬೆರಳು ಮೊದಲು ಹೋಗುವುದು ಆ ಗುಂಡಿಗೇ.

ನಿಂತಲ್ಲಿಯೇ ತಿರುಗುವುದೇ ದೋಷವಲ್ಲ. ಕುಂಬಾರನ ಚಕ್ರವೂ ನಿಂತಲ್ಲಿಯೇ ತಿರುಗುತ್ತದೆ. ಮಡಕೆಯೊಂದನ್ನು ಕೊಟ್ಟು ನಿಲ್ಲುತ್ತದೆ. ಪಂದ್ಯದ ಮೈದಾನದಲ್ಲಿ ಕಾರಿನ ಚಕ್ರವೂ ತಿರುಗಿ ಹಿಡಿತವೊಂದನ್ನು ಗಳಿಸುತ್ತದೆ. ಕ್ಯಾನ್ಬೆರಾದ ಗೋಡೆಯೊಳಗೆ ನೋಡುವವರಿಗೆ ಒಂದಿಷ್ಟು ಸಂತೋಷ ಕೊಡುತ್ತದೆ. ಬೀದಿಯಲ್ಲಿ ಅದು ಗಳಿಸುವುದೇನೂ ಇಲ್ಲ. ಬೆಳಗಾಗುವಷ್ಟರಲ್ಲಿ ಹೊಗೆ ಚದರಿಹೋಗಿರುತ್ತದೆ. ರಸ್ತೆಯ ಮೇಲೆ ಕರಿಗೆರೆಯೊಂದು ಉಳಿದಿರುತ್ತದೆ. ಅದೇ ಕಾರಿನಲ್ಲಿ, ಉಳಿದಷ್ಟು ರಬ್ಬರನ್ನು ನಂಬಿ, ಯಾರದೋ ತಾಯಿ ಕೆಲಸಕ್ಕೆ ಹೊರಟಿರುತ್ತಾಳೆ.